ಮೂವರ ಅಳತೆಯ ಬಂದೂಕು

ಹನ್ನೊಂದನೆಯ ಸಲದ ಎಣ್ಣೆ ಇನ್ನೂ ಮರದೊಳಗೆ ಪೂರ್ತಿ ಇಳಿದಿರಲಿಲ್ಲ. ಅಂಗೈ ಸುಡುವಷ್ಟು ಬಿಸಿಯಾಗುವ ತನಕ ಉಜ್ಜಬೇಕು, ಬಿಸಿಯಾದ ಮೇಲೂ ಬಿಡದೆ ಉಜ್ಜಬೇಕು. ಬಟ್ಟೆಯಲ್ಲಿ ಉಜ್ಜಿದರೆ ಎಣ್ಣೆ ಒಳಗೆ ಹೋಗದೆ ಬೇಡದ ನೆಂಟರ ಹಾಗೆ ಬಾಗಿಲಲ್ಲೇ ಕೂತುಬಿಡುತ್ತದೆ. ಮೇಸ್ತ್ರಿಯ ಹೆಂಡತಿಗೆ ಇದು ಇಪ್ಪತ್ತಾರು ವರ್ಷಗಳ ಅಭ್ಯಾಸ. ಬೆಳಗಿನ ಪಾತ್ರೆ ತೊಳೆದ ಕೈ ಒಣಗುವುದರೊಳಗೆ ಅವಳು ಅಗಸೆ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಿರುತ್ತಿದ್ದಳು.

"ಏನೇ, ಕೈ ಖಾಲಿ ಇದ್ಯಾ?" ಮುಂದಿನ ಕೋಣೆಯಿಂದ ಮೇಸ್ತ್ರಿ ಕೂಗಿದ.

"ಎರಡೂ ಮರದ ಮೇಲಿವೆ."

"ಹಾಗಾದ್ರೆ ಮರ ಹಿಡ್ಕೊಂಡೇ ಬಾ. ಕಬ್ಬಿಣ ಸಿದ್ಧವಾಗಿದೆ."

ಆ ಮನೆಯಲ್ಲಿ ಕಬ್ಬಿಣ ಗಂಡನದು, ಮರ ಹೆಂಡತಿಯದು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಮೇಸ್ತ್ರಿ ಬಂದೂಕುಗಳ ನಳಿಕೆ, ಗುಂಡು ಸಿಡಿಸುವ ಬೀಗ, ಸ್ಪ್ರಿಂಗು ರಿಪೇರಿ ಮಾಡುತ್ತಿದ್ದ. ಕಿಟಕಿಯಿರುವ ನಡುಮನೆಯಲ್ಲಿ ಅವಳು ಅವುಗಳಿಗೆ ಮರದ ಹಿಡಿ ಕಡೆದು, ಕೆರೆದು, ಎಣ್ಣೆ ಕುಡಿಸುತ್ತಿದ್ದಳು. ಹೊರಗಿನ ಬೋರ್ಡಿನಲ್ಲಿ ಗಂಡನ ಹೆಸರೊಂದೇ ಇತ್ತು. ಅವಳ ಹೆಸರು ಹಿಡಿಸುವಷ್ಟು ಅಗಲದ ಹಲಗೆ ಆವತ್ತು ಸಿಕ್ಕಿರಲಿಲ್ಲವಂತೆ.

ಈಗ ಅವಳ ಕೈಯಲ್ಲಿದ್ದ ಅಕ್ರೋಟದ ಮರ ಕೂಡಬೇಕಾದದ್ದು ಒಂದು ಮುದಿ ರೈಫಲ್ಲಿಗೆ. ಅದು ಈ ಮನೆಗೆ ಬಂದದ್ದನ್ನು ನೆನೆದರೆ ಅವಳಿಗೆ ಈಗಲೂ ನಗು ಬರುತ್ತಿತ್ತು. ಎರಡು ತಿಂಗಳ ಹಿಂದೆ ಮೂವರು ಅಣ್ಣತಮ್ಮಂದಿರು ಅದನ್ನು ಕಂಬಳಿಯಲ್ಲಿ ಸುತ್ತಿ, ಹಿಂಭಾಗವನ್ನು ದೊಡ್ಡವನು, ನಡುವನ್ನು ಎರಡನೆಯವನು, ಮೂತಿಯನ್ನು ಚಿಕ್ಕವನು ಹಿಡಿದುಕೊಂಡು, ಹೆಣ ಹೊತ್ತವರ ಗಾಂಭೀರ್ಯದಿಂದ ಬಂದಿದ್ದರು. ಬಾಗಿಲು ಕಿರಿದು. ಒಬ್ಬರ ಹಿಂದೊಬ್ಬರು ಬಂದಿದ್ದರೆ ಸಲೀಸಾಗಿ ಒಳಗೆ ಬರಬಹುದಿತ್ತು. ಆದರೆ ಮೊದಲು ಯಾರು ಎಂಬ ಪ್ರಶ್ನೆ ಎದ್ದು, ಮೂವರೂ ಒಟ್ಟಿಗೆ ಅಡ್ಡಡ್ಡವಾಗಿ ನುಗ್ಗಲು ನೋಡಿ, ಕಾಲು ಗಂಟೆ ಬಾಗಿಲಲ್ಲೇ ಸಿಕ್ಕಿಕೊಂಡಿದ್ದರು. ಅವರ ತಾಯಿ ಹಿಂದೆ ನಿಂತು, "ನಾನು ಒಳಗೆ ಹೋಗಿ ಕೂತ್ಕೊಳ್ಳೋದಾ ಬೇಡ್ವಾ, ಅದನ್ನಾದ್ರೂ ಹೇಳ್ರೋ," ಅನ್ನುತ್ತಿದ್ದರು.

ದೊಡ್ಡವನು ತೆಂಗಿನ ಮರದಂಥವನು, ಕತ್ತೂ ಉದ್ದ, ಕೈಯೂ ಉದ್ದ. ಎರಡನೆಯವನಿಗೆ ಕತ್ತೇ ಇರಲಿಲ್ಲ, ತಲೆ ನೇರವಾಗಿ ಭುಜದ ಮೇಲೆ ಕೂತಿತ್ತು, ಮೇಲಾಗಿ ಎಡಚ. ಮೂರನೆಯವನು ಕಡ್ಡಿ, ದಪ್ಪ ಗಾಜಿನ ಕನ್ನಡಕ. ಮೇಸ್ತ್ರಿಯ ಹೆಂಡತಿ ಮನಸ್ಸಿನಲ್ಲೇ ಅವರಿಗೆ ಉದ್ದಣ್ಣ, ಡುಮ್ಮಣ್ಣ, ಕಡ್ಡಿ ಎಂದು ಹೆಸರಿಟ್ಟಳು.

ರೈಫಲ್ ಅವರ ತಾತನ ಕಾಲದ್ದು, ಒಂದೇ ಗುಂಡಿನದು. ಟ್ರಿಗರಿನ ಕೆಳಗಿನ ಲೀವರ್ ಒತ್ತಿದರೆ ಕಬ್ಬಿಣದ ಗಟ್ಟಿಯೊಂದು ಕೆಳಗೆ ಜಾರಿ ಬಾಯಿ ತೆರೆಯುತ್ತದೆ. ತೋಟಾ ಇಟ್ಟು ಲೀವರ್ ಎತ್ತಿ ಹೊಡೆದರೆ ಮುಗಿಯಿತು, ಮತ್ತೆ ಮೊದಲಿಂದ. ನಳಿಕೆಯೊಳಗೆ ತುಕ್ಕು, ಮರದೊಳಗೆ ಹುಳ. ಇದನ್ನು ಪೂರ್ತಿ ಬಿಚ್ಚಿ, ಹೊಸ ನಳಿಕೆ, ಹೊಸ ಮರ ಹಾಕಿ, ಗುರಿ ಹೊಡೆಯುವ ಕ್ಲಬ್ಬಿಗೆ ಒಯ್ಯುವಂಥ ಸ್ಪರ್ಧೆಯ ಬಂದೂಕು ಮಾಡಿಕೊಡಬೇಕು. ಮೈಗೆ ಹೊಲಿಸಿದ ಕೋಟಿನ ಹಾಗೆ ಕೂರಬೇಕು ಎಂದರು.

"ಯಾರ ಮೈಗೆ?" ಮೇಸ್ತ್ರಿ ಕೇಳಿದ್ದ.

"ಮೂವರ ಮೈಗೂ."

"ಬಂದೂಕು ಒಂದೇ ಅಲ್ವಾ ಸ್ವಾಮಿ."

"ಅಪ್ಪ ಬರೆದಿಟ್ಟು ಹೋಗಿದ್ದಾರೆ," ಉದ್ದಣ್ಣ ಹೇಳಿದ. "ಎಲ್ಲಾನೂ ಮೂವರಿಗೂ ಸಮ."

ಅದು ಬರೀ ಮಾತಲ್ಲ ಎಂದು ತಾಯಿ ವಿವರಿಸಿದರು. ಊಟದ ಮೇಜನ್ನು ಗರಗಸದಲ್ಲಿ ಮೂರು ಭಾಗ ಮಾಡಿದ್ದಾರೆ. ನಡುವಿನ ಭಾಗಕ್ಕೆ ಕಾಲೇ ಇಲ್ಲವಾದ್ದರಿಂದ ಡುಮ್ಮಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾನೆ. ಗೋಡೆ ಗಡಿಯಾರ ಎಂಟೆಂಟು ಗಂಟೆ ಒಬ್ಬೊಬ್ಬರ ಕೋಣೆಯಲ್ಲಿ. "ನನ್ನನ್ನೂ ಹಾಗೇ ಇಟ್ಕೊಂಡಿದ್ದಾರೆ," ಎಂದು ಸೇರಿಸಿದರು, "ಹತ್ತು ದಿನ, ಹತ್ತು ದಿನ, ಹತ್ತು ದಿನ. ಮೂವತ್ತೊಂದನೇ ತಾರೀಕು ಮಾತ್ರ ನಂದು. ಆವತ್ತು ಎಲ್ಲಿ ಇರ್ಬೇಕೋ ಗೊತ್ತಾಗಲ್ಲ, ಪಾರ್ಕಲ್ಲಿ ಕೂತಿರ್ತೀನಿ."

ಬೇರೆ ಯಾವ ಬಂದೂಕಿನವನಾದರೂ ಕೈ ಮುಗಿದು ಕಳಿಸುತ್ತಿದ್ದ. ಆದರೆ ಮೇಸ್ತ್ರಿಗೆ ಲೆಕ್ಕದ ಹುಚ್ಚು. ಅವನ ಕಣ್ಣು ಹೊಳೆದದ್ದನ್ನು ಹೆಂಡತಿ ನೋಡಿದಳು, ಒಲೆಯ ಮೇಲಿನ ಹಾಲು ನೆನಪಾದವಳಂತೆ ಒಳಗೆ ಹೋಗಿಬಿಟ್ಟಳು.

ಮೇಸ್ತ್ರಿ ಮೂವರನ್ನೂ ಗೋಡೆಗೆ ನಿಲ್ಲಿಸಿ ಅಳೆದ. ಟ್ರಿಗರಿನಿಂದ ಭುಜದ ತನಕ ಉದ್ದಣ್ಣನಿಗೆ ಹದಿನೈದೂವರೆ ಇಂಚು, ಡುಮ್ಮಣ್ಣನಿಗೆ ಹದಿಮೂರೂವರೆ, ಕಡ್ಡಿಗೆ ಹದಿಮೂರು. ಕೂಡಿದರೆ ನಲವತ್ತೆರಡು, ಮೂರರಿಂದ ಭಾಗಿಸಿದರೆ ಹದಿನಾಲ್ಕು, ಚಿಲ್ಲರೆಯೂ ಉಳಿಯಲಿಲ್ಲ. ಉದ್ದಣ್ಣನಿಗೆ ಮರ ಕಾಲಿಂಚು ಬಲಕ್ಕೆ ವಾಲಬೇಕು, ಎಡಚ ಡುಮ್ಮಣ್ಣನಿಗೆ ಕಾಲಿಂಚು ಎಡಕ್ಕೆ, ಕಡ್ಡಿಗೆ ನೆಟ್ಟಗಿದ್ದರೆ ಸಾಕು. ಕೂಡಿ ಭಾಗಿಸಿದರೆ ನೆಟ್ಟಗೆ. ಕೆನ್ನೆಯ ಎತ್ತರ, ಬೆರಳಿನ ದಪ್ಪ, ಎಲ್ಲದಕ್ಕೂ ಇದೇ ಮದ್ದು.

ಬೀಗದ ತಟ್ಟೆಯ ಮೇಲೆ ಕೆತ್ತುವ ಚಿತ್ರಕ್ಕೂ ಅದೇ ಆಯಿತು. ಉದ್ದಣ್ಣ ಜಿಂಕೆ ಕೇಳಿದ, ಡುಮ್ಮಣ್ಣ ಕಾಡುಹಂದಿ, ಕಡ್ಡಿ ಬಾತುಕೋಳಿ. ಮೇಸ್ತ್ರಿ ಮೂರು ರಾತ್ರಿ ನಿದ್ದೆಗೆಟ್ಟು, ಜಿಂಕೆಯ ಕಾಲು, ಹಂದಿಯ ಹೊಟ್ಟೆ, ಬಾತಿನ ಮುಖ ಇರುವ ಒಂದು ಪ್ರಾಣಿಯನ್ನು ಕೆತ್ತಿದ. ಮೂವರೂ ತಮ್ಮ ತಮ್ಮ ಭಾಗವನ್ನಷ್ಟೇ ನೋಡಿ ಮೆಚ್ಚಿದರು. ತಾಯಿ ಮಾತ್ರ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಥೇಟ್ ನಮ್ಮ ಯಜಮಾನ್ರೇ," ಅಂದಿದ್ದರು.

ಹೀಗೆ ಹುಟ್ಟಿದ ಅಳತೆಗಳನ್ನು ಮೇಸ್ತ್ರಿ ಒಂದು ಚೀಟಿಯಲ್ಲಿ ಬರೆದುಕೊಟ್ಟ; ಅವಳು ಮರ ಕಡೆದಳು. ದೀಪದ ಮಸಿಯನ್ನು ಕಬ್ಬಿಣಕ್ಕೆ ಬಳಿದು, ಮರದಲ್ಲಿ ಕೂರಿಸಿ, ತೆಗೆದು, ಮಸಿ ಅಂಟಿದಲ್ಲಿ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆದಳು. ಮತ್ತೆ ಮಸಿ, ಮತ್ತೆ ಉಳಿ. ಹದಿನೇಳು ದಿನ ಉಗುರು ಕಪ್ಪಾಗಿತ್ತು.

ಇವತ್ತು ಮೊದಲ ಸಲ ಕಬ್ಬಿಣ, ಮರ ಎರಡನ್ನೂ ಕೂಡಿಸಿ ಮೇಸ್ತ್ರಿ ತಿರುಪು ಬಿಗಿದ. ಲೀವರ್ ಕೆಳಗೆ, ಮೇಲೆ. ಹೊಸ ಬೀಗದ ಹಾಗೆ ಮೆತ್ತಗೆ ಸದ್ದಾಯಿತು.

"ಸ್ವಲ್ಪ ಭುಜಕ್ಕೆ ಹಚ್ಚು. ನಾನು ಪಕ್ಕದಿಂದ ಗೆರೆ ನೋಡ್ತೀನಿ."

ಅವಳಿಗೆ ಇದೂ ಅಭ್ಯಾಸವೇ. ಮೇಸ್ತ್ರಿಯ ಬಲಗಣ್ಣಿಗೆ ಒಮ್ಮೆ ಕಬ್ಬಿಣದ ಪುಡಿ ಹಾರಿದ ಮೇಲೆ, ಸಿದ್ಧವಾದ ಬಂದೂಕನ್ನು ಎತ್ತಿ ನೋಡುವುದು, ಹಿತ್ತಿಲಿನ ಮರಳಿನ ಪೆಟ್ಟಿಗೆಗೆ ಎರಡು ಗುಂಡು ಹೊಡೆದು ನೋಡುವುದು ಅವಳ ಪಾಲಿಗೆ ಬಂದಿತ್ತು. ಪರರ ಬಂದೂಕು ಭುಜಕ್ಕೆ ಬಂದರೆ ಎಲ್ಲಾದರೂ ಚುಚ್ಚುತ್ತದೆ. ಕತ್ತು ಚಾಚಬೇಕು, ಇಲ್ಲವೇ ಮೊಣಕೈ ಮಡಚಬೇಕು, ಕೆನ್ನೆಯ ಮೂಳೆಗೆ ಒದೆ ತಿನ್ನಬೇಕು. ಅವಳು ಹಲ್ಲು ಕಚ್ಚಿ ಸಿದ್ಧಳಾಗಿ ರೈಫಲ್ ಎತ್ತಿದಳು.

ಅದು ತಾನಾಗಿ ಬಂದು ಕೂತಿತು.

ಕತ್ತನ್ನು ಎಲ್ಲಿಗೂ ಒಯ್ಯಬೇಕಾಗಲಿಲ್ಲ. ಕೆನ್ನೆ ಮರದ ಮೇಲೆ ಒರಗಿತು, ಬೆರಳು ಟ್ರಿಗರನ್ನು ಹುಡುಕದೆ ಮುಟ್ಟಿತು, ಕಣ್ಣು ತೆರೆದರೆ ಗುರಿಯ ಮುಳ್ಳು ಗುರಿಯ ಕಂಡಿಯ ನಟ್ಟನಡುವೆ ನಿಂತಿತ್ತು. ಬೀದಿಯಾಚೆಯ ಅಂಗಡಿಯ ಬೀಗದ ಕೈಯ ತೂತು ಅವಳಿಗೆ ಕಂಡಿತು. ಕಣ್ಣು ಮುಚ್ಚಿ ಇಳಿಸಿದಳು, ಮತ್ತೆ ಎತ್ತಿದಳು. ಮತ್ತೆ ಅಲ್ಲೇ.

ಐವತ್ತೆರಡು ವರ್ಷದ ಮೈ ಅವಳದು. ಮಾವನ ಚರ್ಮದ ಏಪ್ರನ್ನು ಕಟ್ಟಿಕೊಂಡರೆ ಪಾದಕ್ಕೆ ತಾಗುತ್ತಿತ್ತು. ಮಳೆಗೆ ಗಂಡನ ಕೋಟು, ತೋಳು ಎರಡು ಮಡಿಕೆ. ಚಿಕ್ಕಂದಿನಲ್ಲಿ ಅಕ್ಕನ ಬೂಟು, ಒಳಗೆ ಕಾಗದ ತುರುಕಿ. ಅದಕ್ಕೆಲ್ಲ ಅವಳು ಎಂದೂ ಬೇಜಾರು ಪಟ್ಟವಳಲ್ಲ. ಮೈಯೇ ಹೊಂದಿಕೊಳ್ಳಬೇಕಾದ್ದು ಎಂದುಕೊಂಡಿದ್ದಳು. ತನ್ನ ಮೈಗೂ ಒಂದು ಅಳತೆ ಇದೆ, ಅದಕ್ಕೆ ಸರಿಯಾಗಿ ಒಂದು ವಸ್ತು ಈ ಲೋಕದಲ್ಲಿ ಇರಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಹೇಗಿದೆ?" ಮೇಸ್ತ್ರಿ ಕೇಳಿದ.

"ಇದೆ," ಅಂದಳು.

"ಶನಿವಾರ ಬಯಲಲ್ಲಿ ಹೊಡೆದು ನೋಡ್ತಾರೆ. ಸರಿಬರದಿದ್ರೆ ಅಲ್ಲಿಷ್ಟು ಇಲ್ಲಿಷ್ಟು ಕೆರೆದ್ರಾಯ್ತು. ಮರ ತಾನೇ."

ಬಂದೂಕು ತನ್ನದಲ್ಲ, ಅದು ಗೊತ್ತಿತ್ತು. ಒಯ್ಯಲಿ. ಆದರೆ ಕೆರೆಯುವುದು ಬೇಡ. ಯಾರ ಮನೆಯಲ್ಲಾದರೂ ಇರಲಿ, ಇದು ಹೀಗೆಯೇ ಇರಲಿ. ಶನಿವಾರದ ತನಕ ಉಳಿದ ಒಂಬತ್ತು ಸಲದ ಎಣ್ಣೆ ಉಜ್ಜುವಾಗಲೂ ಅವಳ ಮನಸ್ಸಿನಲ್ಲಿದ್ದದ್ದು ಅದೊಂದೇ.

ಶನಿವಾರ ಬೆಳಿಗ್ಗೆ ಕ್ಲಬ್ಬಿನ ಬಯಲಿನಲ್ಲಿ ಮೂವರೂ ಹೊಸ ಟೋಪಿ ಹಾಕಿಕೊಂಡು ಬಂದಿದ್ದರು. ತಾಯಿಗೆ ಒಂದು ಮಡಚುವ ಕುರ್ಚಿ. ನೂರು ಹೆಜ್ಜೆ ದೂರದಲ್ಲಿ ಮಣ್ಣಿನ ದಿಬ್ಬಕ್ಕೆ ಒರಗಿಸಿದ ಹಲಗೆಗಳ ಮೇಲೆ ಗುರಿಯ ಕಾಗದ ಅಂಟಿಸಿದ್ದರು. ಯಾರು ಮೊದಲು ಹೊಡೆಯಬೇಕೆಂದು ಅರ್ಧ ಗಂಟೆ ಚೀಟಿ ಎತ್ತಿದರು.

ಉದ್ದಣ್ಣನಿಗೆ ಮರ ಗಿಡ್ಡ. ನೀರು ಕುಡಿಯುವ ಕೊಕ್ಕರೆಯ ಹಾಗೆ ಬಾಗಿ ಹೊಡೆದ. ಹೆಬ್ಬೆರಳು ಅವನದೇ ಮೂಗಿಗೆ ಗುದ್ದಿತು. ಐದು ಗುಂಡು, ಐದು ಗುದ್ದು. ಮೂಗು ಒರೆಸಿಕೊಂಡು, "ಬೆಣ್ಣೆ ಹಾಗಿದೆ," ಅಂದ.

ಡುಮ್ಮಣ್ಣ ಎಡಭುಜಕ್ಕೆ ಹಚ್ಚಿ, ಇಲ್ಲದ ಕತ್ತನ್ನು ಬಾಗಿಸಲು ಹೋಗಿ ಬೆವತುಹೋದ. ಅವನ ಒಂದು ಗುಂಡು ಪಕ್ಕದ ಹಲಗೆಯ ನಡುಮಧ್ಯಕ್ಕೆ ಬಿತ್ತು. ಅಲ್ಲಿ ಅಭ್ಯಾಸ ಮಾಡುತ್ತಿದ್ದ ಒಬ್ಬರು ಮುದುಕರು ಬೆಳಗಿನಿಂದ ಮೊದಲ ಸಲ ನಡುಮಧ್ಯಕ್ಕೆ ಬಿದ್ದ ಆ ಗುಂಡನ್ನು ತಮ್ಮದೆಂದೇ ತಿಳಿದು, ಹೆಂಡತಿಗೆ ಫೋನ್ ಮಾಡಲು ಹೋದರು. "ಕೈಯಲ್ಲಿ ಇದ್ದಿದ್ದೇ ಗೊತ್ತಾಗಲಿಲ್ಲ," ಅಂದ ಡುಮ್ಮಣ್ಣ.

ಕಡ್ಡಿಗೆ ಮರ ಉದ್ದವಾಗಿ, ಸೊಂಟ ಹಿಂದಕ್ಕೆ ಬಿಲ್ಲಾಯಿತು. ಪ್ರತಿ ಗುಂಡಿಗೂ ಕನ್ನಡಕ ಹಾರಿ ಹುಲ್ಲಿಗೆ ಬೀಳುತ್ತಿತ್ತು. "ನನಗಂತಲೇ ಮಾಡಿದ ಹಾಗಿದೆ," ಎಂದು ಹುಲ್ಲಿನಲ್ಲಿ ತಡಕಾಡುತ್ತಾ ಹೇಳಿದ.

ಮೇಸ್ತ್ರಿಯ ಹೆಂಡತಿ ಉಸಿರು ಬಿಟ್ಟಳು. ತನಗೆ ಕೂರಲಿಲ್ಲ ಎಂದು ಒಬ್ಬ ಬಾಯಿ ಬಿಟ್ಟರೆ, ಅದು ಇನ್ನೊಬ್ಬನಿಗೆ ಕೂತಿತು ಎಂದು ಒಪ್ಪಿಕೊಂಡ ಹಾಗೆ. ಇವರು ಸಾಯುವ ತನಕ ಬೆಣ್ಣೆ ಎಂದೇ ಹೇಳುತ್ತಾರೆ, ಮರ ಬದುಕಿತು ಎಂದುಕೊಂಡಳು.

ಅಷ್ಟರಲ್ಲಿ ಬಯಲಿನ ಕಾವಲುಗಾರ ಗುರಿಯ ಕಾಗದ ತಂದುಕೊಟ್ಟ. ಅಂಗಡಿಯಿಂದ ತಂದ ಹಾಗೆಯೇ ಇತ್ತು, ಒಂದು ತೂತಿಲ್ಲ.

"ಮೇಸ್ತ್ರಿ," ತಾಯಿ ಕೇಳಿದರು, "ಗುಂಡು ಹೊರಗೆ ಬರ್ತಿದೆ ತಾನೇ?"

ಮೇಸ್ತ್ರಿಯ ಮುಖ ಕೆಂಪಗಾಯಿತು. "ನನ್ನ ನಳಿಕೇಲಿ ಕೂದಲೆಳೆ ಸೊಟ್ಟ ಇಲ್ಲಮ್ಮ. ಏನೇ, ಮೂರು ಗುಂಡು ಹೊಡೆದು ತೋರಿಸೇ ಇವರಿಗೆ."

"ನಾನ್ಯಾಕೆ," ಅಂದಳು. ಅಷ್ಟರಲ್ಲಿ ಬಂದೂಕು ಅವಳ ಕೈಗೆ ಬಂದಾಗಿತ್ತು.

ಬೇಕೆಂದೇ ತಪ್ಪಿಸಬೇಕೆಂದು ಅವಳು ಯೋಚಿಸಿದಳು. ಭುಜಕ್ಕೆ ಹಚ್ಚಿದ ಮೇಲೆ ಆ ಯೋಚನೆ ಎಲ್ಲಿ ಹೋಯಿತೋ. ತಪ್ಪಿಸಬೇಕಾದರೆ ಮೈಯನ್ನು ಸೊಟ್ಟ ಮಾಡಬೇಕಿತ್ತು, ಹಾಗೆ ಮಾಡಿ ಮಾಡಿ ಅವಳಿಗೆ ಸಾಕಾಗಿತ್ತು. ಲೀವರ್, ತೋಟಾ, ಲೀವರ್. ಒಂದು. ಎರಡು. ಮೂರು. ಒದೆ ಬಂದದ್ದು ಭುಜ ತಟ್ಟಿದ ಹಾಗಿತ್ತು.

ಕಾವಲುಗಾರ ಕಾಗದ ತಂದ. ಕಪ್ಪು ಚುಕ್ಕೆಯ ನಡುವೆ ಎರಡು ತೂತು, ಒಂದಕ್ಕೊಂದು ಅಂಟಿಕೊಂಡಿದ್ದವು.

"ಮೂರನೇದು ತಪ್ಪಿದೆ," ಅಂದ ಉದ್ದಣ್ಣ.

"ಮೂರನೇದು ಮೊದಲನೇದರೊಳಗೇ ಹೋಗಿದೆ ಸಾರ್," ಅಂದ ಕಾವಲುಗಾರ.

ತಾಯಿ ಕುರ್ಚಿಯಿಂದ ಎದ್ದು ಬಂದರು. ಮೇಸ್ತ್ರಿಯ ಹೆಂಡತಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. "ಇಲ್ಲಿ ಬಾ ಮಗಳೇ," ಎಂದು ಅವಳ ಭುಜ ಮುಟ್ಟಿದರು. "ನಾನು ಹೆಣ್ಣುಮಗು ಇಲ್ಲ ಇಲ್ಲ ಅಂತ ಅಷ್ಟು ವರ್ಷ ಅತ್ತೆ. ಈ ಮೂವರನ್ನೂ ಒಟ್ಟಿಗೆ ಕಲಸಿ ಮೂರು ಪಾಲು ಮಾಡಿದ್ರೆ ಒಂದು ಪಾಲು ನೀನೇ ಆಗ್ತಿದ್ದೆ, ನೋಡು." ಹೇಳಿದವರೇ ನಗಲು ಶುರುಮಾಡಿದರು, ನಕ್ಕು ನಕ್ಕು ಮತ್ತೆ ಕುರ್ಚಿ ಹುಡುಕಬೇಕಾಯಿತು.

ಕೆಲಸ ಕೆಟ್ಟದ್ದು ಅಲ್ಲಿ. ಅಣ್ಣನ ಅಳತೆ, ತಮ್ಮನ ಅಳತೆಯಾದರೆ ಹೇಗೋ ನುಂಗಿಕೊಳ್ಳುತ್ತಿದ್ದರು. ಮೂವರ ಸರಾಸರಿ ಮೇಸ್ತ್ರಿಯ ಹೆಂಡತಿ ಎಂಬುದು ಮೂವರಿಗೂ ಗಂಟಲಲ್ಲಿ ಸಿಕ್ಕಿಕೊಂಡಿತು.

"ಇದು ನಮ್ಮ ಅಳತೆ ಅಲ್ಲ," ಎಂದ ಉದ್ದಣ್ಣ. ಅಪ್ಪ ತೀರಿಕೊಂಡ ಮೇಲೆ ಮೂವರೂ ಒಪ್ಪಿದ ಮೊದಲ ಮಾತು ಅದು.

"ಆವತ್ತು ನೀವೇ ಗೋಡೆಗೆ ನಿಂತಿದ್ರಲ್ಲ," ಅಂದ ಮೇಸ್ತ್ರಿ. "ಆಯ್ತು, ಯಾರಿಗೆ ಎಷ್ಟು ಬದಲಾಗ್ಬೇಕು, ಬಾಯಿ ಬಿಟ್ಟು ಹೇಳಿ. ಲೆಕ್ಕ ಹಾಕಿ ಮಾಡಿಕೊಡ್ತೀನಿ."

ಉದ್ದಣ್ಣ ಒಂದೂವರೆ ಇಂಚು ಹೆಚ್ಚಬೇಕು ಎಂದ. ಡುಮ್ಮಣ್ಣನಿಗೆ ಅರ್ಧ ಇಂಚು ತಗ್ಗಬೇಕು, ಕಡ್ಡಿಗೆ ಒಂದು ಇಂಚು. ಮೇಸ್ತ್ರಿ ಪೆನ್ಸಿಲ್ ನೆಕ್ಕಿ ಕೂಡಿದ, ಕಳೆದ. ಸೊನ್ನೆ ಬಂತು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಮಾಡಿದ, ಸೊನ್ನೆ. ವಾಲುವಿಕೆಗೆ ಮಾಡಿದ, ಕೆನ್ನೆಗೆ ಮಾಡಿದ, ಸೊನ್ನೆ, ಸೊನ್ನೆ. ಪೆನ್ಸಿಲ್ಲನ್ನೇ ತಿರುಗಿಸಿ ಅನುಮಾನದಿಂದ ನೋಡಿದ.

"ಲೆಕ್ಕದ ಪ್ರಕಾರ ಏನೂ ಮಾಡೋ ಹಾಗಿಲ್ಲ," ಅಂದ ಕೊನೆಗೆ.

"ಏನೂ ಮಾಡದೆ ಹೇಗ್ರೀ ತಗೊಂಡು ಹೋಗೋದು?" ಕಡ್ಡಿ ಕೇಳಿದ. "ಏನಾದ್ರೂ ಮಾಡಿ."

ಮೂವರೂ ಮರದ ಕೆಳಗೆ ಹೋಗಿ ತಲೆ ಕೂಡಿಸಿ ಮಾತಾಡಿದರು. ತೀರ್ಮಾನವನ್ನು ಉದ್ದಣ್ಣ ತಂದ. ಮರದ ಸುತ್ತ, ಎಲ್ಲ ಕಡೆಯಿಂದಲೂ, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಅಕ್ಕಿಕಾಳಿನ ದಪ್ಪ ಕೆರೆಯಬೇಕು. ಒಟ್ಟು ಮೂರು ಅಕ್ಕಿಕಾಳು. ಹಾಗೆ ಮಾಡಿದರೆ ಯಾರಿಗೂ ಕೂರುವುದಿಲ್ಲವಲ್ಲ ಎಂದು ಮೇಸ್ತ್ರಿ ಕೇಳಿದ್ದಕ್ಕೆ, "ಯಾರಿಗೂ ಕೂರಬಾರ್ದು, ಅದೇ ನ್ಯಾಯ," ಎಂದ ಡುಮ್ಮಣ್ಣ. ಬುಧವಾರ ಬಂದು ಒಯ್ಯುವುದೆಂದು ನಿಶ್ಚಯವಾಯಿತು.

ಮನೆಗೆ ಬಂದು ಊಟ ಮುಗಿಸಿ ಮೇಸ್ತ್ರಿ ತಿರುಪು ಬಿಚ್ಚಿ ಮರವನ್ನು ಅವಳ ಮೇಜಿನ ಮೇಲಿಟ್ಟ. "ಮೂರು ಅಕ್ಕಿಕಾಳು, ಎಲ್ಲಾ ಕಡೆಯಿಂದ್ಲೂ. ನೀನೇ ಕೆರೆದುಬಿಡು, ನನಗೆ ಆ ಸೊನ್ನೆ ಹೇಗೆ ಬಂತು ಅಂತ ನೋಡ್ಬೇಕು," ಎಂದು ಚೀಟಿ ಹಿಡಿದು ಮುಂದಿನ ಕೋಣೆಗೆ ಹೋದ.

ಅವಳು ಕೆರೆಯುವ ಗಾಜಿನ ಚೂರನ್ನು ಕೈಗೆ ತೆಗೆದುಕೊಂಡಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮರದ ಮೇಲೆ ಬಿದ್ದಿತ್ತು. ಇಪ್ಪತ್ತು ಸಲದ ಎಣ್ಣೆ ಕುಡಿದ ಮರ, ಕಂದು ಗೆರೆಗಳು ನೀರಿನೊಳಗೆ ಮಲಗಿದ ಹಾಗೆ ಕಾಣುತ್ತಿದ್ದವು. ಗಾಜಿನ ಅಂಚನ್ನು ಕೆನ್ನೆ ಕೂರುವ ಜಾಗಕ್ಕೆ ಇಟ್ಟಳು. ಒಂದು ಎಳೆತ ಸಾಕು.

ಬುಧವಾರ ಬಂದವರು ಏನು ಮಾಡುತ್ತಾರೆ? ಅಳೆಯುತ್ತಾರೆಯೇ? ಅಕ್ಕಿಕಾಳು ಹಿಡಿದುಕೊಂಡು ಬರುತ್ತಾರೆಯೇ? ಭುಜಕ್ಕೆ ಹಚ್ಚುತ್ತಾರೆ, ಚುಚ್ಚುತ್ತದೆ. ಮೂವರಿಗೂ ಚುಚ್ಚಿದರೆ ಸಾಕು, ಕೆರೆದದ್ದು ಸರಿಯಾಗಿದೆ ಎಂದು ತೃಪ್ತಿಯಿಂದ ಒಯ್ಯುತ್ತಾರೆ. ಆಮೇಲೆ ಹತ್ತು ಹತ್ತು ದಿನ ಮೂರು ಗೋಡೆಗಳ ಮೇಲೆ ತೂಗುತ್ತಿರುತ್ತದೆ. ತೂಗಲಿ. ಯಾರೂ ಎತ್ತಿಕೊಳ್ಳದೆ, ಗೋಡೆಯ ಮೇಲೆ ಅವಳ ಕೈಯ ಉದ್ದ, ಅವಳ ಕೆನ್ನೆಯ ಎತ್ತರ ಇದ್ದಲ್ಲೇ ಇರುತ್ತದೆ.

ಅವಳು ಗಾಜಿನ ಚೂರನ್ನು ಮರದಿಂದ ಎತ್ತಿದಳು. ಮೇಜಿನ ಕೆಳಗಿನ ರಾಶಿಯಿಂದ ಅದೇ ಅಕ್ರೋಟದ ಒಂದು ಬೇಡದ ತುಂಡನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ಅದನ್ನು ಕೆರೆಯಲು ಶುರುಮಾಡಿದಳು. ತೆಳ್ಳಗಿನ ಹೊಟ್ಟು ಸುರುಳಿ ಸುರುಳಿಯಾಗಿ ನೆಲಕ್ಕೆ ಬೀಳತೊಡಗಿತು.

"ಶುರು ಮಾಡಿದ್ಯೇನೇ?" ಸದ್ದು ಕೇಳಿ ಮೇಸ್ತ್ರಿ ಅಲ್ಲಿಂದಲೇ ಕೇಳಿದ.

"ಹೂಂ ರೀ."

"ಎಲ್ಲಾ ಕಡೆಯಿಂದ್ಲೂ ಸಮ ಇರ್ಲಿ."

"ಸಮವಾಗೇ ಇದೆ," ಅಂದಳು. ಮೂರು ಅಕ್ಕಿಕಾಳಿಗೆ ಎಷ್ಟು ಹೊಟ್ಟು ಬರಬಹುದೆಂದು ನೆಲ ನೋಡಿ ಅಂದಾಜು ಮಾಡಿ, ಇನ್ನೂ ಸ್ವಲ್ಪ ಕೆರೆದಳು.